ತಡಿಯಂಡಮೋಳ್‌ಗೆ ನೋಟ್‌ಬುಕ್ ಹಿಡಿದು ಹೊರಟವಳಿಗೆ

ಪ್ರಶ್ನೆ: ನಾನು ಬಿ.ಎಸ್ಸಿ. ಕೊನೆಯ ವರ್ಷದ ವಿದ್ಯಾರ್ಥಿನಿ, ಊರು ಕುಶಾಲನಗರದ ಹತ್ತಿರ. ಮಡಿಕೇರಿಯಲ್ಲಿ ಪರಿಸರ ಸಮೀಕ್ಷೆ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ಡಿಸೆಂಬರ್‌ನ ಒಂದು ಶನಿವಾರ ಆಫೀಸಿನ ಐದು ಜನ ತಡಿಯಂಡಮೋಳ್ ಬೆಟ್ಟ ಹತ್ತಿ, ಕಾಲುದಾರಿ ಎಲ್ಲೆಲ್ಲಿ ಕೊರೆದುಹೋಗಿದೆ, ಎಲ್ಲೆಲ್ಲಿ ಕಸ ಬಿದ್ದಿದೆ ಎಂದು 200 ಮೀಟರಿಗೊಮ್ಮೆ ದಾಖಲಿಸಬೇಕು. ಬರೆದುಕೊಳ್ಳುವುದೂ ನಾನೇ, ವರದಿ ಮಾಡುವುದೂ ನಾನೇ. ಉಳಿದವರೆಲ್ಲ ಬೆಟ್ಟ ಹತ್ತಿ ಪಳಗಿದವರು. ನಾನು ಕೊಡಗಿನವಳಾದರೂ ಒಂದು ಬೆಟ್ಟವನ್ನೂ ಹತ್ತಿಲ್ಲ. ನಗುತ್ತಾರೆ ಅಂತ ಯಾರಿಗೂ ಹೇಳಿಲ್ಲ. ಚಿಕ್ಕಂದಿನಲ್ಲಿ ವೀಸಿಂಗ್ ಇತ್ತು, ಈಗಲೂ ಚಳಿಗೆ ಒಮ್ಮೊಮ್ಮೆ ಇನ್‌ಹೇಲರ್ ಬೇಕು. ಹಿಂದಿನ ರಾತ್ರಿ ಕಕ್ಕಬ್ಬೆಯ ಹೋಂಸ್ಟೇಯಲ್ಲಿ ಉಳಿದು, ಬೆಳಗಿನ ಜಾವ 4ಕ್ಕೆ ಹೊರಟು ಮೇಲೆ ಸೂರ್ಯೋದಯ ನೋಡೋಣ ಎನ್ನುತ್ತಿದ್ದಾರೆ. ತಂಡದಲ್ಲಿ ನನ್ನನ್ನು ಬಿಟ್ಟರೆ ಒಬ್ಬರೇ ಅಕ್ಕ ಇರುವುದು. ನಾನು ಹಿಂದೆ ಬಿದ್ದು ಎಲ್ಲರ ಕೆಲಸ ಕೆಡಿಸಿದರೆ ಸರ್ಟಿಫಿಕೇಟ್‌ಗೆ ತೊಂದರೆ ಆಗುತ್ತದಾ? ಏನು ತಯಾರಿ ಮಾಡಿಕೊಳ್ಳಲಿ?

ಉತ್ತರ: ನಿಮ್ಮ ಪತ್ರದ ಮುಖ್ಯ ಸಂಗತಿಯನ್ನು ನೀವು ಮಧ್ಯದಲ್ಲೆಲ್ಲೋ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. 200 ಮೀಟರಿಗೊಮ್ಮೆ ನಿಂತು ಬರೆಯಬೇಕು ಎಂದಿರಲ್ಲ, ಹಿಂದೆ ಬೀಳುವ ಭಯಕ್ಕೆ ಉತ್ತರ ಅಲ್ಲೇ ಇದೆ. ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕೋಣ.

ಬೆಟ್ಟದ ನಡಿಗೆಗೆ ಹಳೆಯ ಸೂತ್ರವೊಂದಿದೆ. 1892ರಲ್ಲಿ ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಕೊಟ್ಟದ್ದು: ಸುಮಾರು ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ ದಾರಿ ಆರು ಕಿಲೋಮೀಟರ್, ಏರು 600 ಮೀಟರ್ ಎಂದಿಟ್ಟುಕೊಳ್ಳಿ. ಜೀಪು ಎಲ್ಲಿಯವರೆಗೆ ಬಿಡುತ್ತದೆ ಎನ್ನುವುದರ ಮೇಲೆ ಇದು ಹೆಚ್ಚು ಕಡಿಮೆಯಾಗುತ್ತದೆ. ನಡಿಗೆಗೆ ಎರಡು ಗಂಟೆ ಹನ್ನೆರಡು ನಿಮಿಷ ಬೇಕು. ಆರು ಕಿಲೋಮೀಟರಿನಲ್ಲಿ 200 ಮೀಟರಿಗೊಂದರಂತೆ ಮೂವತ್ತು ನಿಲುಗಡೆ. ಒಂದೊಂದರಲ್ಲೂ ಜಿಪಿಎಸ್ ಹಿಡಿದು, ದಾರಿಯ ಅಗಲ ಅಳೆದು, ಕಸ ಎಣಿಸಿ, ಫೋಟೊ ತೆಗೆದು, ಬರೆದು ಮುಗಿಸಲು ನಾಲ್ಕು ನಿಮಿಷವೆಂದರೂ ಅಲ್ಲಿಗೆ ಇನ್ನೆರಡು ಗಂಟೆ ಆಯಿತು. ತಂಡದಲ್ಲಿ ಪಿ.ಟಿ. ಉಷಾ ಇದ್ದರೂ ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕಿಂತ ಮೊದಲು ತುದಿ ತಲುಪುವಂತಿಲ್ಲ, ಏಕೆಂದರೆ ಮುಂದೆ ಓಡಿಹೋದವರು ಮುಂದಿನ ನಿಲುಗಡೆಯಲ್ಲಿ ನಿಮಗಾಗಿ ಕಾಯಲೇಬೇಕು. ನೋಟ್‌ಬುಕ್ ನಿಮ್ಮ ಕೈಯಲ್ಲಿದೆ. ಅವತ್ತಿನ ಮಟ್ಟಿಗೆ ತಂಡದ ವೇಗ ನಿಮ್ಮ ವೇಗವೇ.

ಈ ಲೆಕ್ಕವನ್ನು ನಿಮ್ಮ ಮೇಲಿನವರ ಮುಂದೆ ಇಡಿ. ಬೆಳಗಿನ 4 ಗಂಟೆಯ ಮಾತೂ ಇದರಲ್ಲೇ ಬಿದ್ದುಹೋಗುತ್ತದೆ. ಡಿಸೆಂಬರ್ ಮಧ್ಯದಲ್ಲಿ ಕೊಡಗಿನಲ್ಲಿ ಸೂರ್ಯ ಹುಟ್ಟುವುದು ಆರೂವರೆ ದಾಟಿದ ಮೇಲೆ. 4ಕ್ಕೆ ಹೊರಟರೆ ಏರಿನ ಪೂರ್ತಿ ದಾರಿ ಕತ್ತಲಲ್ಲೇ ಕಳೆದು, ಸೂರ್ಯೋದಯದ ಹೊತ್ತಿಗೆ ತುದಿಯಲ್ಲಿ ಸೆಲ್ಫಿ ತೆಗೆಯುತ್ತಿರುತ್ತೀರಿ. ನೋಟ್‌ಬುಕ್‌ನಲ್ಲಿ ಒಂದು ಸಾಲೂ ಇರುವುದಿಲ್ಲ. ಕೊರಕಲು ಕತ್ತಲಲ್ಲಿ ಕಾಣುವುದಿಲ್ಲ, ಟಾರ್ಚ್ ಬೆಳಕಿನಲ್ಲಿ ತೆಗೆದ ಫೋಟೊದಲ್ಲಿ ಆಳ ತಿಳಿಯುವುದಿಲ್ಲ. ಆನೆಯ ಮಾತು ಇನ್ನೂ ಬಂದಿಲ್ಲ, ಮುಂದೆ ಬರುತ್ತದೆ. ಅದೂ ಅಲ್ಲದೆ ಚಾರಣಕ್ಕೆ ಅರಣ್ಯ ಇಲಾಖೆ ಬಿಡುವುದು ಹಗಲಿನಲ್ಲಿ ಮಾತ್ರ. ಹಾಗಾಗಿ ‘ನನಗೆ ಭಯ’ ಎಂದು ಹೇಳಬೇಕಾಗಿಲ್ಲ. ‘ಸಾರ್, ಬೆಳಕಿಲ್ಲದೆ ದಾಖಲೆ ಆಗಲ್ಲ, ಏಳಕ್ಕೆ ನಡೆಯಲು ಶುರು ಮಾಡಿದರೆ ತಿಂಡಿ ವಿರಾಮವೂ ಸೇರಿ ಹನ್ನೆರಡಕ್ಕೆ ಮೇಲಿರ್ತೀವಿ’ ಎಂದರೆ ಸಾಕು. ಲೆಕ್ಕ ಹಾಕಿಕೊಂಡು ಬಂದ ಇಂಟರ್ನ್‌ಗೆ ಯಾರೂ ನಗುವುದಿಲ್ಲ. ಜೊತೆಗೆ, ಎಲ್ಲಿದ್ದರೂ ಸರಿ ಮಧ್ಯಾಹ್ನ ಒಂದಕ್ಕೆ ತಿರುಗುವುದು ಎಂದು ಮೊದಲೇ ಎಲ್ಲರೂ ಒಪ್ಪಿಕೊಂಡಿರಲಿ. ತುದಿ ಕಾಣುವಷ್ಟು ಹತ್ತಿರ ಬಂದಾಗ ಯಾರಿಗೂ ತಿರುಗಲು ಮನಸ್ಸು ಬರುವುದಿಲ್ಲ, ನನಗೂ ಬಂದಿಲ್ಲ.

ಬೆಟ್ಟ ಹತ್ತಿಲ್ಲ ಎನ್ನುವುದನ್ನು ಮುಚ್ಚಿಟ್ಟಿದ್ದೀರಲ್ಲ, ಅದನ್ನು ಈ ವಾರವೇ ಹೇಳಿ. ಕೊಡಗಿನವಳಾಗಿ ಬೆಟ್ಟ ಹತ್ತಿಲ್ಲ ಎನ್ನುವುದರಲ್ಲಿ ನಗುವಂಥದ್ದು ಏನೂ ಇಲ್ಲ. ಮೈಸೂರಿನವರಲ್ಲಿ ಅರಮನೆಯ ಒಳಗೆ ಕಾಲಿಡದವರು ಎಷ್ಟು ಜನ! ದಿನಾ ಕಿಟಕಿಯಲ್ಲಿ ಕಾಣುವ ಬೆಟ್ಟವನ್ನು ಹತ್ತಲು ಹೊರಗಿನವರೇ ಬರಬೇಕು. ಹೇಳಲು ಮುಜುಗರವಾದರೆ ಆ ಅಕ್ಕನಿಗೆ ಒಂದು ವಾಟ್ಸಾಪ್ ಹಾಕಿ. ಹೀಗೆ ಬರೆಯಬಹುದು: ‘ಅಕ್ಕ, ತಡಿಯಂಡಮೋಳ್ ನನ್ನ ಮೊದಲ ಬೆಟ್ಟ. ಚಳಿಗೆ ಒಮ್ಮೊಮ್ಮೆ ವೀಸಿಂಗ್ ಬರುತ್ತದೆ, ಇನ್‌ಹೇಲರ್ ಬೆಳಿಗ್ಗೆ ಜಾಕೆಟ್ಟಿನ ಒಳಜೇಬಿನಲ್ಲಿ, ಆಮೇಲೆ ಬ್ಯಾಗಿನ ಮೇಲಿನ ಜೇಬಿನಲ್ಲಿರುತ್ತದೆ. ಏರಿನಲ್ಲಿ ನಿಧಾನ ಹೋಗ್ತೀನಿ, ದಾಖಲೆ ತಪ್ಪಿಸಲ್ಲ.’ ಮೂರೇ ವಾಕ್ಯ. ಇದು ಗೊತ್ತಿದ್ದ ತಂಡ ನಿಮ್ಮ ಹಿಂದೆ ಒಬ್ಬರನ್ನು ನಡೆಸುತ್ತದೆ. ಗೊತ್ತಿಲ್ಲದ ತಂಡ ಶೋಲಾ ಕಾಡಿನ ತಿರುವಿನಲ್ಲಿ ನಿಮ್ಮನ್ನು ಬಿಟ್ಟು ಮುಂದೆ ಹೋಗುತ್ತದೆ.

ನಾನು ಇದನ್ನು ಹೇಳುತ್ತಿರುವುದು ಕೆಟ್ಟು ಕಲಿತವಳಾಗಿ. ನನ್ನ ಮೊದಲ ಸಮೀಕ್ಷೆ ಪುಷ್ಪಗಿರಿ ಕಡೆಯ ಕಾಡಿನಲ್ಲಿ, ಮಳೆ ಇನ್ನೂ ಪೂರ್ತಿ ಬಿಡದ ಅಕ್ಟೋಬರ್‌ನಲ್ಲಿ. ಹಿಂದಿನ ದಿನ ಕೊಂಡ ಹೊಸ ಕ್ಯಾನ್ವಾಸ್ ಶೂ ಹಾಕಿಕೊಂಡು ಹೋಗಿದ್ದೆ. ಎರಡನೇ ಗಂಟೆಗೇ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ತಂಡದಲ್ಲಿ ನಾನೊಬ್ಬಳೇ ಹುಡುಗಿ, ಹೇಳಿದರೆ ‘ಹುಡುಗಿಯರನ್ನು ಕರೆದುಕೊಂಡು ಬಂದರೆ ಇದೇ ಗೋಳು’ ಎನ್ನುತ್ತಾರೆಂದು ಹಲ್ಲು ಕಚ್ಚಿ ನಡೆದೆ. ನೋವಿನಲ್ಲಿ ಬರೆಯುವುದನ್ನು ಮುಂದೂಡುತ್ತಾ ಹೋದೆ, ಕೆಳಗಿಳಿದು ನೆನಪಿನಿಂದ ತುಂಬಿಸೋಣವೆಂದು. ಬರೆದಷ್ಟನ್ನು ಜೆಲ್ ಪೆನ್ನಿನಲ್ಲಿ ಬರೆದಿದ್ದೆ. ಇಳಿಯುವಾಗ ಮಳೆ ಹಿಡಿಯಿತು, ರಾತ್ರಿ ಬ್ಯಾಗ್ ಬಿಚ್ಚಿದರೆ ನೋಟ್‌ಬುಕ್‌ನಲ್ಲಿ ಇದ್ದದ್ದು ನೀಲಿ ನೀರು. ತಂಡ ಇನ್ನೊಮ್ಮೆ ಹತ್ತಬೇಕಾಯಿತು. ಬೊಬ್ಬೆ ಎದ್ದಿದೆ ಎಂದು ಹೇಳಿದ್ದರೆ ಹತ್ತು ನಿಮಿಷ ನಿಂತು ಪ್ಲಾಸ್ಟರ್ ಅಂಟಿಸಿಕೊಂಡು ಹೋಗುತ್ತಿದ್ದೆವು. ಅಲ್ಲಿಂದ ಇಲ್ಲಿಯವರೆಗೆ ಕಾಡಿನಲ್ಲಿ ನಾನು ಪೆನ್ಸಿಲ್ ಬಿಟ್ಟು ಬೇರೆ ಹಿಡಿದಿಲ್ಲ. ಎಚ್‌ಬಿ ಸಾಕು. ಎರಡು ಒಯ್ಯಿರಿ, ಒಂದನ್ನು ದಾರದಲ್ಲಿ ನೋಟ್‌ಬುಕ್‌ಗೆ ಕಟ್ಟಿಡಿ.

ಈಗ ಉಸಿರಿನ ಮಾತು. ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಶಿಖರ, 1,748 ಮೀಟರ್. ಕೇಳಿದರೆ ಭಯವಾಗುವ ಸಂಖ್ಯೆ. ಆದರೆ ನೀವು ದಿನಾ ಕೆಲಸ ಮಾಡುವ ಮಡಿಕೇರಿಯೇ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಎತ್ತರದಿಂದ ಬರುವ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್ ಮೇಲೆ, ಹಿಮಾಲಯಕ್ಕೆ ಹೋದವರಿಗೆ. ನಿಮಗೆ ಇಲ್ಲಿ ಏದುಸಿರು ಬಂದರೆ ಅದು ಗಾಳಿ ತೆಳುವಾಗಿದ್ದಕ್ಕಲ್ಲ, ಬೇಗ ಹತ್ತಿದ್ದಕ್ಕೆ. ಒಂದು ಪೂರ್ತಿ ವಾಕ್ಯವನ್ನು ಮಧ್ಯದಲ್ಲಿ ಉಸಿರು ಎಳೆಯದೆ ಹೇಳಲು ಆಗುತ್ತಿದೆಯೇ ನೋಡಿಕೊಳ್ಳುತ್ತಿರಿ. ಆಗದಿದ್ದರೆ ಹೆಜ್ಜೆ ಗಿಡ್ಡ ಮಾಡಿ. ಓಡಿ ನಿಂತು, ಓಡಿ ನಿಂತು ಹತ್ತುವವರಿಗಿಂತ ಎಮ್ಮೆಯ ಹಾಗೆ ಒಂದೇ ಸಮನೆ ಹತ್ತುವವರೇ ಕಡಿಮೆ ದಣಿಯುವುದು.

ವೀಸಿಂಗ್ ಬಗ್ಗೆ ಮಾತ್ರ ನಾನು ಹೇಳುವುದಕ್ಕಿಂತ ನಿಮ್ಮ ಡಾಕ್ಟರ್ ಹೇಳುವುದು ಮುಖ್ಯ. ಹೋಗುವ ಮೊದಲೇ ಒಮ್ಮೆ ಕಾಣಿ. ಹತ್ತಲು ಶುರು ಮಾಡುವ ಮುಂಚೆ ಇನ್‌ಹೇಲರ್ ತೆಗೆದುಕೊಳ್ಳಬೇಕೇ, ಎಷ್ಟು ಹೊತ್ತು ಮುಂಚೆ, ಎಷ್ಟು ಪಫ್ ಎಂದು ಕೇಳಿ ಬರೆದುಕೊಳ್ಳಿ. ಡಬ್ಬಿಯಲ್ಲಿ ಎಷ್ಟು ಉಳಿದಿದೆ ನೋಡಿ. ಚಳಿಯಲ್ಲಿ ತಣ್ಣಗಾದ ಡಬ್ಬಿಯಿಂದ ಔಷಧಿ ಸರಿಯಾಗಿ ಬರುವುದಿಲ್ಲ, ಆದ್ದರಿಂದ ಬೆಳಿಗ್ಗೆ ಚಳಿ ಇರುವಷ್ಟು ಹೊತ್ತು ಜಾಕೆಟ್ಟಿನ ಒಳಜೇಬಿನಲ್ಲಿಟ್ಟು, ಬಿಸಿಲೇರಿ ಜಾಕೆಟ್ ತೆಗೆದ ಮೇಲೆ ಬ್ಯಾಗಿನ ಮೇಲಿನ ಜೇಬಿಗೆ ಹಾಕಿ. ಬೆಳಗಿನ ಚಳಿಗಾಳಿಯಲ್ಲಿ ಮೂಗು ಬಾಯಿಗೆ ಒಂದು ಹತ್ತಿ ಬಟ್ಟೆ ಸುತ್ತಿಕೊಂಡರೆ ಒಳಗೆ ಹೋಗುವ ಗಾಳಿ ಸ್ವಲ್ಪ ಬೆಚ್ಚಗಾಗುತ್ತದೆ.

ತಯಾರಿಗೆ ಜಿಮ್ ಬೇಡ. ಮಡಿಕೇರಿಯಲ್ಲಿ ಸಮತಟ್ಟಾದ ರಸ್ತೆ ಹುಡುಕುವುದೇ ಕಷ್ಟ, ಅದೇ ನಿಮ್ಮ ಪುಣ್ಯ. ವಾರಕ್ಕೆ ನಾಲ್ಕು ಸಂಜೆ ಆಫೀಸು ಮುಗಿಸಿ ರಾಜಾಸೀಟ್ ಕಡೆಗೆ ಏರಿ ಇಳಿಯಿರಿ. ಮೊದಲ ವಾರ ಬರಿಗೈಯಲ್ಲಿ, ಆಮೇಲೆ ಎರಡು ಲೀಟರ್ ನೀರಿರುವ ಬ್ಯಾಗ್ ಹೊತ್ತು. ಹೋಗುವ ದಿನ ಹಾಕುವ ಶೂವನ್ನೇ ಹಾಕಿ ನಡೆಯಿರಿ. ಶೂಗೆ ಸಾವಿರಾರು ರೂಪಾಯಿ ಸುರಿಯಬೇಕಾಗಿಲ್ಲ. ಅಡಿಯಲ್ಲಿ ಹಿಡಿತವಿರುವ, ನಿಮ್ಮ ಕಾಲಿಗೆ ಹಳೆಯದಾದ ಸ್ಪೋರ್ಟ್ಸ್ ಶೂ ಸಾಕು. ಹತ್ತುವಾಗ ತೊಂದರೆ ಕೊಡದ ಶೂ ಇಳಿಯುವಾಗ ಬೆರಳನ್ನು ಮುಂದಕ್ಕೆ ಜಜ್ಜುತ್ತದೆ. ಹಿಂದಿನ ದಿನ ಕಾಲುಗುರು ಕತ್ತರಿಸಿಕೊಳ್ಳಿ, ಇಳಿಯುವ ಮುನ್ನ ಲೇಸ್ ಬಿಗಿಮಾಡಿ. ಜೀನ್ಸ್ ಬೇಡ. ಡಿಸೆಂಬರ್ ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಎಷ್ಟು ಇರುತ್ತದೆಂದರೆ ಮೊಣಕಾಲಿನವರೆಗೆ ನೆನೆಯುತ್ತದೆ, ನೆನೆದ ಜೀನ್ಸ್ ಮಧ್ಯಾಹ್ನದವರೆಗೂ ಒಣಗುವುದಿಲ್ಲ. ಇನ್ನೊಂದು ಜೊತೆ ಕಾಲುಚೀಲ ಪ್ಲಾಸ್ಟಿಕ್ ಕವರಿನಲ್ಲಿರಲಿ.

ಹೊಟ್ಟೆಗೆ ಅಕ್ಕಿರೊಟ್ಟಿ, ಚಟ್ನಿಪುಡಿ, ಬಾಳೆಹಣ್ಣು, ಕಡಲೆಕಾಯಿ ಚಿಕ್ಕಿ. ಎರಡೂವರೆ ಲೀಟರ್ ನೀರು, ಒಂದು ಪೊಟ್ಟಣ ಓಆರ್‌ಎಸ್. ಕೊಡಗಿನ ಕಿತ್ತಳೆ ಸಿಕ್ಕರೆ ಒಯ್ಯಿರಿ, ಆದರೆ ಸಿಪ್ಪೆಯನ್ನು ವಾಪಸ್ ತನ್ನಿ. ‘ಕೊಳೆಯುತ್ತೆ ಬಿಡಿ’ ಎನ್ನುವವರು ನಿಮ್ಮ ತಂಡದಲ್ಲೂ ಇರುತ್ತಾರೆ. ಕಸ ಎಣಿಸಲು ಹೋದ ತಂಡದ ಸಿಪ್ಪೆ ಮುಂದಿನ ತಂಡದ ಲೆಕ್ಕಕ್ಕೆ ಸೇರಿದರೆ ಚೆನ್ನಾಗಿರುವುದಿಲ್ಲ.

ಮುಟ್ಟಿನ ದಿನವನ್ನು ನೀವು ಬರೆದಿಲ್ಲ, ಆದರೆ ನಿಮ್ಮ ವಯಸ್ಸಿನವರು ಕೇಳಲು ಸಂಕೋಚಪಡುವ ಮೊದಲ ಪ್ರಶ್ನೆ ಇದೇ. ಆ ದಿನಗಳಲ್ಲಿ ಹತ್ತಬಾರದೆಂದೇನೂ ಇಲ್ಲ. ನೋವು ಜೋರಾಗಿದ್ದರೆ ದಿನಾಂಕ ಬದಲಿಸಲು ಕೇಳಬಹುದು, ಕಾರಣ ಅಕ್ಕನಿಗೆ ಮಾತ್ರ ಹೇಳಿದರೆ ಸಾಕು. ದಾರಿಯಲ್ಲಿ ಶೌಚಾಲಯ ಇರುವುದಿಲ್ಲ ಎಂದುಕೊಂಡೇ ಹೋಗಿ. ಪ್ಯಾಡ್, ಹಳೇ ಪೇಪರ್, ಬಿಗಿಯಾಗಿ ಮುಚ್ಚುವ ಒಂದು ಕವರ್. ಬಳಸಿದ್ದನ್ನು ಹೂಳಬೇಡಿ, ಕಾಡುಪ್ರಾಣಿ ಅಗೆದು ತೆಗೆಯುತ್ತದೆ. ಶೌಚಾಲಯವಿಲ್ಲ ಎಂದು ನೀರು ಕುಡಿಯದೆ ಇರುವುದು ನಮ್ಮಲ್ಲಿ ಬಹಳ ಹೆಣ್ಣುಮಕ್ಕಳ ಅಭ್ಯಾಸ. ತಲೆನೋವು, ಸುಸ್ತು ಬರುವುದು ಬೆಟ್ಟದಿಂದಲ್ಲ, ಅದರಿಂದ.

ಆಫೀಸಿನವರು ಮಾಡಿಟ್ಟಿರಬೇಕಾದ ಕೆಲಸ ಒಂದಿದೆ. ಅದಾಗಿದೆಯೇ ಎಂದು ಕೇಳುವ ಹಕ್ಕು ನಿಮಗಿದೆ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತಕ್ಕೆ ಜನಸಾಗರ ನುಗ್ಗಿದ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಅದರ ನಂತರವೇ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿದ್ದು. ಮೊದಲೇ ಬುಕ್ ಮಾಡದೆ ಚೆಕ್‌ಪೋಸ್ಟ್‌ಗೆ ಹೋಗಿ ನಿಂತರೆ ವಾಪಸ್ ಕಳಿಸುತ್ತಾರೆ. ಅದಕ್ಕಿಂತ ಮುಖ್ಯವಾದದ್ದು, ಚಾರಣದ ಟಿಕೆಟ್ ಬೇರೆ, ಸಮೀಕ್ಷೆ ಬೇರೆ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಓಡಾಡುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಟೇಪು ಹಿಡಿದು, ದಾರಿ ಅಳೆದು, ವರದಿ ಬರೆಯುವವರ ಬಳಿ ಇಲಾಖೆಯ ಲಿಖಿತ ಒಪ್ಪಿಗೆ ಇರಬೇಕು, ಅದರ ಒಂದು ಪ್ರತಿ ನಿಮ್ಮ ಬ್ಯಾಗಿನಲ್ಲೂ ಇರಬೇಕು. ಯಾರಾದರೂ ಡ್ರೋನ್ ತರುತ್ತೇನೆ ಎಂದರೆ ಅದಕ್ಕೆ ಪ್ರತ್ಯೇಕ ಅನುಮತಿ ಕೇಳಿ. ಇಲ್ಲದಿದ್ದರೆ ಅದು ಮನೆಯಲ್ಲೇ ಇರಲಿ. ಬೆಟ್ಟಕ್ಕೆ ಹೋಗುವ ದಿನ, ಜಾಗ, ಯಾರ ಮೇಲ್ವಿಚಾರಣೆ ಎಂದು ಸಂಸ್ಥೆಯಿಂದ ಒಂದು ಇಮೇಲ್ ಬರಲಿ, ಅದನ್ನು ಕಾಲೇಜಿನ ಮಾರ್ಗದರ್ಶಕರಿಗೆ ಫಾರ್ವರ್ಡ್ ಮಾಡಿ. ಅಪಘಾತ ವಿಮೆ ಇಂಟರ್ನ್‌ಗೂ ಅನ್ವಯಿಸುತ್ತದೆಯೇ ಎಂದು ಅದೇ ಇಮೇಲಿಗೆ ಉತ್ತರವಾಗಿ ಕೇಳಿ. ಸರ್ಟಿಫಿಕೇಟ್ ಬಗ್ಗೆ ಕೇಳಿದ್ದಿರಿ. ಬೆಟ್ಟದಲ್ಲಿ ನಿಧಾನವಾದದ್ದಕ್ಕೆ ಸರ್ಟಿಫಿಕೇಟ್ ತಡೆದದ್ದನ್ನು ನಾನು ಕಂಡಿಲ್ಲ. ವರದಿ ಕೊಡದವರದ್ದು ತಡೆದದ್ದನ್ನು ಕಂಡಿದ್ದೇನೆ.

ಹೋಂಸ್ಟೇ ರಾತ್ರಿಯ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ನಿಮಗೂ ಅಕ್ಕನಿಗೂ ಒಳಗಿಂದ ಚಿಲಕವಿರುವ ಬೇರೆ ಕೋಣೆ ಇದೆಯೇ ಎಂದು ಮೊದಲೇ ಖಚಿತ ಮಾಡಿಕೊಳ್ಳಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇದೆಯಲ್ಲ, ಎಲ್ಲರೂ ‘ಪಾಶ್’ ಎನ್ನುವುದು, ಅದರಲ್ಲಿ ‘ಉದ್ಯೋಗಿ’ ಎಂದರೆ ಸಂಬಳದವರು ಮಾತ್ರವಲ್ಲ, ತರಬೇತಿಗೆ ಬಂದವರೂ ಸೇರುತ್ತಾರೆ. ‘ಕೆಲಸದ ಸ್ಥಳ’ ಎಂದರೆ ಆಫೀಸಿನ ನಾಲ್ಕು ಗೋಡೆ ಮಾತ್ರವಲ್ಲ. ಕೆಲಸದ ನಿಮಿತ್ತ ಹೋದ ಜಾಗ, ಸಂಸ್ಥೆ ಕೊಟ್ಟ ವಾಹನ ಎಲ್ಲವೂ. ಹಾಗಾಗಿ ಕಕ್ಕಬ್ಬೆಯ ಹೋಂಸ್ಟೇ, ಜೀಪು, ಬೆಟ್ಟದ ತುದಿ ಮೂರೂ ಕಾನೂನಿನ ಕಣ್ಣಿಗೆ ನಿಮ್ಮ ಆಫೀಸೇ. ಹತ್ತು ಅಥವಾ ಹೆಚ್ಚು ಜನ ಇರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣದಾದರೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಮೂರು ತಿಂಗಳೊಳಗೆ ಕೊಡಬೇಕು. ನಿಮ್ಮ ಸಹೋದ್ಯೋಗಿಗಳ ಮೇಲೆ ನನಗೆ ಅನುಮಾನವಿದೆ ಅಂತಲ್ಲ, ಬಹುಪಾಲು ತಂಡಗಳು ಒಳ್ಳೆಯವೇ. ಗೊತ್ತಿರಲಿ ಅಷ್ಟೇ. ರಾತ್ರಿ ಯಾರಾದರೂ ಬಾಟಲಿ ತೆರೆದರೆ ‘ನಾಳೆ ಬೇಗ ಏಳಬೇಕು’ ಎಂದು ಎದ್ದುಹೋಗುವುದು ಒರಟುತನವಲ್ಲ, ಕೊಡಗಿನಲ್ಲೂ ಅಲ್ಲ.

ಇನ್ನು ದಾರಿ. ಹತ್ತುವುದು ನಾಲ್ಕುನಾಡು ಅರಮನೆಯ ಕಡೆಯಿಂದ, 1792ರಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ್ದು. ಅರಮನೆ ನೋಡುವುದನ್ನು ಇಳಿದ ಮೇಲೆ ಇಟ್ಟುಕೊಳ್ಳಿ. ಡಿಸೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ನಡೆಯುತ್ತಿರುತ್ತದೆ, ತೋಟಗಳ ಪಕ್ಕದ ರಸ್ತೆಯಲ್ಲಿ ಪಿಕಪ್‌ಗಳ ಓಡಾಟ ಹೆಚ್ಚು, ನಡೆಯುವಾಗ ಕಿವಿಗೆ ಇಯರ್‌ಫೋನ್ ಬೇಡ. ಮೇಲೆ ಹೋದಂತೆ ಬೋಳು ಹುಲ್ಲುಗಾವಲು, ಮಡಿಕೆಗಳಲ್ಲಿ ಶೋಲಾ ಕಾಡು. ದೊಡ್ಡ ಬಂಡೆಯೊಂದು ಎಲ್ಲರೂ ಕೂತು ತಿನ್ನುವ ಜಾಗ, ಹಾಗಾಗಿ ನಿಮ್ಮ ಕಸದ ಲೆಕ್ಕ ಅಲ್ಲಿ ಏರುತ್ತದೆ. ಕೊನೆಯ ಭಾಗ ಕಾಡಿನೊಳಗಿನ ಕಡಿದಾದ ಏರು. ಬೇರು ಹಿಡಿದು ಹತ್ತುವಾಗ ಕೈ ಊರುವ ಮೊದಲು ಕಣ್ಣು ಊರಿ. ಜಿಗಣೆ ಈ ತಿಂಗಳಲ್ಲಿ ಕಡಿಮೆ. ನೆರಳಿನಲ್ಲಿ ಒಂದೆರಡು ಹತ್ತಿದರೆ ಉಪ್ಪು ಸಾಕು, ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಜಿನುಗುತ್ತದೆ, ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಜಿಗಣೆಯ ಜೊಲ್ಲಿನಲ್ಲಿದೆ. ಹೆದರಬೇಡಿ.

ಆನೆ ಬೇರೆ ವಿಷಯ. ಕೊಡಗಿನವರಿಗೆ ಆನೆಯ ಬಗ್ಗೆ ಹೇಳುವುದು ನನಗೇ ನಾಚಿಕೆ, ಆದರೂ ಹೇಳುತ್ತೇನೆ, ಏಕೆಂದರೆ ತೋಟದಲ್ಲಿ ಎಚ್ಚರವಾಗಿರುವವರೇ ಗುಂಪಿನಲ್ಲಿ ಬೆಟ್ಟಕ್ಕೆ ಹೋದಾಗ ಮೈಮರೆಯುವುದನ್ನು ನೋಡಿದ್ದೇನೆ. ಆವಿಯಾಡುವ ಲದ್ದಿ, ಆಗಷ್ಟೇ ಸೀಳಿದ ಬೈನೆ ಮರ, ಮುರಿದ ಕೊಂಬೆಯ ಹಸಿ ವಾಸನೆ ಕಂಡರೆ ಮಾತು ನಿಲ್ಲಿಸಿ, ಸ್ಥಳೀಯ ಗೈಡ್ ಹೇಳಿದಂತೆ ಕೇಳಿ. ಅವರು ತಿರುಗೋಣ ಎಂದರೆ ಅಂದಿನ ಸಮೀಕ್ಷೆ ಮುಗಿಯಿತು. ನೋಟ್‌ಬುಕ್‌ನಲ್ಲಿ ‘14ನೇ ನಿಲುಗಡೆ, 10.20, ಆನೆಯ ಗುರುತು, ವಾಪಸ್’ ಎಂದು ಬರೆದರೆ ಅದೂ ದಾಖಲೆಯೇ. ಬ್ಲೂಟೂತ್ ಸ್ಪೀಕರ್, ಸೆಂಟು ಎರಡೂ ಬೇಡ. ಸೆಂಟಿಗೆ ಹೆಜ್ಜೇನೂ ಏಳುತ್ತದೆ.

ಮಂಜು ಕವಿದರೆ ಬಯಲು ಹುಲ್ಲಿನಲ್ಲಿ ದಾರಿ ಹತ್ತು ಅಡಿಗೆ ಮಾಯವಾಗುತ್ತದೆ. ಎಲ್ಲರೂ ಒಟ್ಟಿಗೆ ಕೂತು ಕಾಯಿರಿ, ‘ನಾನು ಸ್ವಲ್ಪ ಮುಂದೆ ನೋಡಿ ಬರ್ತೀನಿ’ ಎನ್ನುವವರನ್ನು ಕೂರಿಸಿ. ಹೊರಡುವ ಮುನ್ನ ಮನೆಗೂ ಹೋಂಸ್ಟೇಯವರಿಗೂ ‘ಸಂಜೆ 5ರೊಳಗೆ ನಮ್ಮ ಫೋನ್ ಬಾರದಿದ್ದರೆ ಚೆಕ್‌ಪೋಸ್ಟ್‌ಗೂ 112ಕ್ಕೂ ತಿಳಿಸಿ’ ಎಂದು ಹೇಳಿಹೋಗಿ. ಬೆಟ್ಟದ ಮಡಿಕೆಯಲ್ಲಿ ಸಿಗ್ನಲ್ ನಂಬಬೇಡಿ. ತಂಡದಲ್ಲಿ ಬೇರೆ ಬೇರೆ ಕಂಪನಿಯ ಸಿಮ್ ಇರಲಿ, ಒಂದಾದರೂ ಬಿಎಸ್‌ಎನ್‌ಎಲ್.

ಈಗ ನನಗೆ ಇಷ್ಟವಾದ ಭಾಗಕ್ಕೆ ಬಂದೆ, ನೋಟ್‌ಬುಕ್‌ಗೆ. ಹಿಂದಿನ ರಾತ್ರಿಯೇ ಮೂವತ್ತು ನಿಲುಗಡೆಗೂ ಗೆರೆ ಹಾಕಿ ಕೋಷ್ಟಕ ಮಾಡಿಟ್ಟುಕೊಳ್ಳಿ: ನಿಲುಗಡೆ ಸಂಖ್ಯೆ, ಗಂಟೆ, ಅಕ್ಷಾಂಶ-ರೇಖಾಂಶ, ದಾರಿಯ ಅಗಲ, ಕೊರಕಲಿನ ಆಳ, ಕಸ, ಫೋಟೊ ಸಂಖ್ಯೆ, ಟಿಪ್ಪಣಿ. ಖಾಲಿ ಚೌಕ ಕಣ್ಣಿಗೆ ಚುಚ್ಚುತ್ತದೆ, ಮರೆಯಲು ಬಿಡುವುದಿಲ್ಲ. ಫೋನಿನ ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ಆಕಾಶ ಬೇಕು. ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ಸಿಗ್ನಲ್ ಹುಡುಕುತ್ತಾ ಬ್ಯಾಟರಿ ತಿನ್ನದ ಹಾಗೆ ಏರೋಪ್ಲೇನ್ ಮೋಡ್‌ಗೆ ಹಾಕಿ ಜಿಪಿಎಸ್ ಆನ್ ಇಡಿ. ನಿಂತ ಕೂಡಲೇ ಬಂದ ಸಂಖ್ಯೆ ಬರೆಯಬೇಡಿ, ಅರ್ಧ ನಿಮಿಷ ಕಾದರೆ ಅದು ನೆಲೆಗೊಳ್ಳುತ್ತದೆ. ಮರದ ಕೆಳಗೆ ಹತ್ತಾರು ಮೀಟರ್ ಆಚೀಚೆ ತೋರಿಸಬಹುದು. ಆ್ಯಪ್ ತೋರಿಸುವ ನಿಖರತೆಯ ಸಂಖ್ಯೆಯನ್ನೂ ಬರೆದುಕೊಳ್ಳಿ. ಫೋನ್ ಹೇಳುವ ಎತ್ತರವನ್ನು ಮಾತ್ರ ನಂಬಬೇಡಿ.

ಕೊರಕಲನ್ನು ಅಳೆಯುವುದು ಹೀಗೆ. ದಾರಿಯ ಎರಡು ಅಂಚಿಗೆ ಅಡ್ಡಲಾಗಿ ಟೇಪನ್ನು ಬಿಗಿಯಾಗಿ ಹಿಡಿಯಿರಿ, ಅದು ಅಗಲ. ಟೇಪಿನಿಂದ ನೆಲದ ಅತಿ ತಗ್ಗಿನವರೆಗೆ ಒಂದು ಅಳತೆಕೋಲು ಇಳಿಸಿ, ಅದು ಆಳ. ಇಬ್ಬರು ಟೇಪಿಗೆ, ಒಬ್ಬರು ಕೋಲಿಗೆ, ಒಬ್ಬರು ಫೋಟೊಗೆ, ನೀವು ಬರವಣಿಗೆಗೆ. ಐದು ಜನಕ್ಕೂ ಕೆಲಸ ಸಿಕ್ಕಿತು. ಫೋಟೊದಲ್ಲಿ ಒಂದು ಸ್ಕೇಲ್ ಇರಲೇಬೇಕು, ಇಲ್ಲವಾದರೆ ಗೇಣು ಆಳದ ಗುಂಡಿಯೂ ಕಮರಿಯ ಹಾಗೆ ಕಾಣುತ್ತದೆ. ಎಲ್ಲ ಫೋಟೊವನ್ನೂ ಏರಿನ ಕಡೆಗೆ ಮುಖ ಮಾಡಿ ನಿಂತೇ ತೆಗೆಯಿರಿ. ಮುಂದಿನ ವರ್ಷ ಯಾರಾದರೂ ಅದೇ ಜಾಗದಲ್ಲಿ ನಿಂತು ಹೋಲಿಸಬಹುದು.

ಒಂದು ವಿಷಯಕ್ಕೆ ಕಣ್ಣು ತೆರೆದಿಡಿ, ಬಹಳ ವರದಿಗಳಲ್ಲಿ ಇದು ತಪ್ಪಿಹೋಗುತ್ತದೆ. ಹುಲ್ಲುಗಾವಲಿನಲ್ಲಿ ದಾರಿ ಒಂದೇ ಇರುವುದಿಲ್ಲ. ಜನ ತುಳಿದ ಕಡೆ ಮಣ್ಣು ಗಟ್ಟಿಯಾಗಿ ಹುಲ್ಲು ಸಾಯುತ್ತದೆ, ಮಳೆಗಾಲದಲ್ಲಿ ನೀರು ಅಲ್ಲೇ ಹರಿದು ತೋಡಾಗುತ್ತದೆ, ತೋಡಿನೊಳಗೆ ನಡೆಯಲು ಕಷ್ಟವೆಂದು ಜನ ಪಕ್ಕದ ಹುಲ್ಲಿಗೆ ಹತ್ತುತ್ತಾರೆ. ಹೀಗೆ ಒಂದು ದಾರಿ ಎರಡಾಗಿ ಮೂರಾಗಿ ಜಡೆಯ ಎಳೆಗಳ ಹಾಗೆ ಕವಲೊಡೆಯುತ್ತದೆ. ನಿಲುಗಡೆಯಲ್ಲಿ ಒಂದು ಎಳೆಯ ಅಗಲ ಬರೆದು ಮುಂದೆ ಹೋದರೆ ಹಾನಿಯ ಮೂರನೇ ಒಂದು ಭಾಗವಷ್ಟೇ ದಾಖಲಾಯಿತು. ‘ಎಳೆಗಳ ಸಂಖ್ಯೆ’ ಎಂದು ಇನ್ನೊಂದು ಕಾಲಂ ಸೇರಿಸಿ. ನಿಮ್ಮ ಮೇಲಿನವರು ಇದನ್ನು ಕೇಳಿಲ್ಲದಿದ್ದರೂ ಸೇರಿಸಿ.

ಕಸವನ್ನು ‘ಜಾಸ್ತಿ’, ‘ಕಡಿಮೆ’ ಎಂದು ಬರೆಯಬೇಡಿ. ನಿಲುಗಡೆಯ ಸುತ್ತ ಐದು ಮೀಟರಿನೊಳಗೆ ಎಷ್ಟು ನೀರಿನ ಬಾಟಲಿ, ಎಷ್ಟು ಚಿಪ್ಸ್-ಬಿಸ್ಕತ್ತಿನ ಪೊಟ್ಟಣ, ಎಷ್ಟು ಗಾಜು, ಎಷ್ಟು ಇತರೆ ಎಂದು ಎಣಿಸಿ. ಎಲ್ಲ ಅಳತೆಯನ್ನೂ ಹತ್ತುವಾಗಲೇ ಮುಗಿಸಿ. ಇಳಿಯುವಾಗ ಮಾಡೋಣ ಎಂದು ಯಾರೇ ಹೇಳಲಿ, ಒಪ್ಪಬೇಡಿ. ಇಳಿಯುವಾಗ ಎಲ್ಲರ ಮೊಣಕಾಲು ನಡುಗುತ್ತಿರುತ್ತದೆ, ಮನಸ್ಸು ಆಗಲೇ ಕಾಫಿಯಲ್ಲಿರುತ್ತದೆ. ಇಳಿಯುವಾಗ ಒಂದು ಗೋಣಿಚೀಲದಲ್ಲಿ ಎಣಿಸಿದ ಕಸವನ್ನು ಆರಿಸಿಕೊಂಡು ಬಂದರೆ ಸಾಕು, ಗಾಜಿಗೆ ಗ್ಲೌಸ್ ಹಾಕಿಕೊಂಡು.

ಗೈಡ್ ಜೊತೆ ಮಾತನಾಡುತ್ತಾ ನಡೆಯಿರಿ. ಈ ತೊರೆಗೆ ಏನನ್ನುತ್ತಾರೆ, ಈ ತಿರುವಿಗೆ ಹೆಸರಿದೆಯೇ, ದಾರಿ ಮೊದಲು ಎಲ್ಲಿತ್ತು ಎಂದು ಕೇಳಿ. ಕೇಳಿದ್ದನ್ನು ಪುಟದ ಎಡಬದಿಗೆ, ಕಂಡದ್ದನ್ನು ಬಲಬದಿಗೆ ಬರೆಯಿರಿ. ವರದಿಯಲ್ಲೂ ಅವೆರಡನ್ನು ಬೆರೆಸಬೇಡಿ. ‘ದಾರಿ ಐದು ವರ್ಷದಿಂದ ಕೊರೆಯುತ್ತಿದೆ’ ಎಂಬುದು ನೀವು ಕಂಡದ್ದಲ್ಲ, ‘ಎಂದು ಗೈಡ್ ಹೇಳಿದರು’ ಎಂದು ಬರೆಯಬೇಕು. ಹೆಸರು ಹಾಕುವುದಾದರೆ ಅವರ ಒಪ್ಪಿಗೆ ಕೇಳಿ. ಅಪರೂಪದ ಸೀತಾಳೆ ಹೂವೋ ಪ್ರಾಣಿಯೋ ಕಂಡರೆ ಜಾಗದ ಅಕ್ಷಾಂಶ-ರೇಖಾಂಶವನ್ನು ಇನ್‌ಸ್ಟಾಗ್ರಾಂಗೆ ಹಾಕಬೇಡಿ.

ಶನಿವಾರ ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಮಲಗುವ ಮೊದಲು ನೋಟ್‌ಬುಕ್‌ನ ಪ್ರತಿ ಪುಟದ ಫೋಟೊ ತೆಗೆದು ಅಕ್ಕನಿಗೆ ಕಳಿಸಿ, ಅರ್ಧ ಬರೆದ ಪದಗಳನ್ನು ಪೂರ್ತಿ ಮಾಡಿ. ಸೋಮವಾರದ ಹೊತ್ತಿಗೆ ನಿಮ್ಮ ಅಕ್ಷರ ನಿಮಗೇ ಅರ್ಥವಾಗುವುದಿಲ್ಲ. ವರದಿಯಲ್ಲಿ ಮಂಜು, ಇಬ್ಬನಿ, ದೂರದ ಕಡಲು ಎಲ್ಲ ಒಂದು ಪ್ಯಾರಾ ಸಾಕು. ಕೋಷ್ಟಕ, ನಕ್ಷೆ, ಅತಿ ಹೆಚ್ಚು ಕೊರೆದ ಮೂರು ಜಾಗದ ಫೋಟೊ ಮೊದಲ ಪುಟದಲ್ಲೇ ಬರಲಿ. ಬಿಟ್ಟುಹೋದ ನಿಲುಗಡೆಗಳಿದ್ದರೆ ಬಿಟ್ಟುಹೋಗಿದೆ ಎಂದೇ ಬರೆಯಿರಿ, ನೆನಪಿನಿಂದ ತುಂಬಿಸಬೇಡಿ.

ಯಾವ ಶನಿವಾರ ಎಂದು ನೀವು ಬರೆದಿಲ್ಲ. ಹುತ್ತರಿ ಹಬ್ಬದ ಆಸುಪಾಸಿನಲ್ಲಾದರೆ ಕಕ್ಕಬ್ಬೆಯಲ್ಲಿ ಗೈಡ್ ಸಿಗುವುದು ಕಷ್ಟ, ಎಲ್ಲರೂ ಐನ್‌ಮನೆಗಳಲ್ಲಿ, ಅಂದರೆ ಕುಟುಂಬದ ಮೂಲಮನೆಗಳಲ್ಲಿರುತ್ತಾರೆ. ದಿನ ಗೊತ್ತುಮಾಡುವ ಮೊದಲು ಹೋಂಸ್ಟೇಯವರಿಗೆ ಒಂದು ಫೋನ್ ಮಾಡಿ ಕೇಳಿಬಿಡಿ.